ಹತ್ತಕ್ಕೊಂದು ಸಲ ಮೇಣ

ಒಮಾನಿನ ರೂವಿಯಿಂದ ಶೂಟಿಂಗ್ ಕ್ಲಬ್ಬಿಗೆ ವ್ಯಾನಿನಲ್ಲಿ ಐವತ್ತು ನಿಮಿಷ. ನಾನು ಅಲ್ಲಿ ಸೇರಿದ್ದು ದಾಖಲೆ ಬರೆಯುವ ಕೆಲಸಕ್ಕೆ. ಮೈಸೂರಿನಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ, ಅಪ್ಪ ಅಮ್ಮ ಇದ್ದ ರೂವಿಯ ಫ್ಲಾಟಿಗೆ ಬಂದು, ಎಂಟು ತಿಂಗಳು ಅರ್ಜಿ ಹಾಕಿದ ಮೇಲೆ ಸಿಕ್ಕ ಕೆಲಸ ಅದು. ಅಲ್ಲಿಯವರೆಗೆ ನಾನು ಬಂದೂಕನ್ನು ಹತ್ತಿರದಿಂದ ನೋಡಿದ್ದು ಬ್ಯಾಂಕಿನ ಕಾವಲುಗಾರರ ಹೆಗಲಿನಲ್ಲಿ ಮಾತ್ರ. ನೆಂಟರು ಫೋನಿನಲ್ಲಿ ಕೇಳಿದರೆ ಅಮ್ಮ "ಸ್ಪೋರ್ಟ್ಸ್ ಕ್ಲಬ್ಬಲ್ಲಿ ಆಫೀಸ್ ಕೆಲಸ" ಎನ್ನುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ.

ದೂರದ ಗುರಿಗೆ ರೈಫಲ್ ಹೊಡೆಯುವವರ ಒಂದು ತಂಡ ಕ್ಲಬ್ಬಿನಲ್ಲಿತ್ತು. ಅವರ ಗುಂಡುಗಳನ್ನು ಕ್ಲಬ್ಬೇ ಪರವಾನಗಿ ಪಡೆದು, ಒಮ್ಮೆ ಬಳಸಿದ ಹಿತ್ತಾಳೆ ಕೇಸುಗಳನ್ನು, ಎಂದರೆ ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೊಳವೆಗಳನ್ನು, ಮತ್ತೆ ತುಂಬಿ ತಯಾರಿಸುತ್ತಿತ್ತು. ಮದ್ದು ತುಂಬುವ ಕೋಣೆ ಬೇರೆ. ಅದರ ಕೀ ಇಬ್ಬರು ಒಮಾನಿ ಅಧಿಕಾರಿಗಳ ಬಳಿ ಇರುತ್ತಿತ್ತು. ನಾವು ಅತ್ತ ಸುಳಿಯುವಂತಿರಲಿಲ್ಲ. ನಮ್ಮದು ಹಿತ್ತಾಳೆ ಕೋಣೆ. ಅಲ್ಲಿಗೆ ಖಾಲಿ ಕೇಸುಗಳು ಬಕೆಟ್ಟಿನಲ್ಲಿ ಬರುತ್ತಿದ್ದವು. ತೊಳೆದು, ಒಣಗಿಸಿ, ಅಳತೆಗೆ ತಂದು, ಐವತ್ತರ ಟ್ರೇಗಳಲ್ಲಿ ಜೋಡಿಸಿ ಮುಂದಿನ ಕೋಣೆಗೆ ಕಳಿಸುವಷ್ಟು ನಮ್ಮ ಪಾಲು.

ರೈಫಲಿನಲ್ಲಿ ಗುಂಡು ಹಾರಿದಾಗ ಕೇಸು ಒಳಗಿನ ಒತ್ತಡಕ್ಕೆ ಉಬ್ಬುತ್ತದೆ. ಕೂದಲೆಳೆಯಷ್ಟು; ಕಣ್ಣಿಗೆ ಕಾಣುವುದಿಲ್ಲ. ಆದರೂ ಉಬ್ಬಿದ ಕೇಸು ಮತ್ತೆ ಸಲೀಸಾಗಿ ಬಂದೂಕಿನೊಳಗೆ ಕೂರುವುದಿಲ್ಲ. ಅದನ್ನು ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಪ್ರೆಸ್ಸಿನ ಹಿಡಿಯನ್ನು ಕೆಳಗೆ ಎಳೆದರೆ ಕೇಸು ಮೇಲೇರಿ ಡೈಯೊಳಗೆ ಹೋಗುತ್ತದೆ. ಹಿಡಿ ಎತ್ತಿದರೆ ಹೊರಗೆ ಬರುತ್ತದೆ. ಒಣ ಹಿತ್ತಾಳೆಯನ್ನು ಹಾಗೆ ಒತ್ತಿದರೆ ಅದು ಉಕ್ಕನ್ನು ಕಚ್ಚಿಕೊಂಡು ಒಳಗೇ ಉಳಿದುಬಿಡುತ್ತದೆ. ಅದಕ್ಕೇ ಮೊದಲು ಜಿಡ್ಡು ಸವರಬೇಕು. ಹೆಚ್ಚು ಸವರಿದರೆ ಜಿಡ್ಡಿಗೆ ಹೊರಹೋಗಲು ದಾರಿಯಿಲ್ಲದೆ ಕೇಸು ಕತ್ತಿನತ್ತ ಕಿರಿದಾಗುವ ಭುಜದ ಮೇಲೆ ಗುಳಿ ಬೀಳುತ್ತದೆ. ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಎಷ್ಟು ಎಂಬುದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಒಬ್ಬರಿಗೆ.

ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಉಡುಪಿ ಕಡೆಯವರು. ಭಾರತದ ಸೇನೆಯಲ್ಲಿ ಬಂದೂಕು ರಿಪೇರಿಯ ಕೆಲಸ ಮಾಡಿ ನಿವೃತ್ತರಾಗಿ ಒಮಾನಿಗೆ ಬಂದು ಹನ್ನೊಂದು ವರ್ಷವಾಗಿತ್ತು. ವಯಸ್ಸು ಐವತ್ತಾರು; ಆದರೂ ತಲೆತುಂಬ ಕಪ್ಪು ಕೂದಲು. ಊರಿನಿಂದ ಡಬ್ಬಿಯಲ್ಲಿ ತಂದ ತೆಂಗಿನೆಣ್ಣೆ ಹಚ್ಚಿ, ಬದಿಗೆ ಬೈತಲೆ ತೆಗೆದು ಬಾಚಿಕೊಂಡು ಬರುತ್ತಿದ್ದರು. ಖಾಲಿ ಕೇಸಿಗೆ ಅವರು ಸೇನೆಯ ಮಾತಿನಲ್ಲಿ 'ಖೋಖಾ' ಎನ್ನುತ್ತಿದ್ದರು. ಸೇರಿದ ದಿನವೇ ನನ್ನನ್ನು ಕೇಳಿದರು: "ಎಂ.ಎಸ್‌ಸಿ. ಅಂತೆ ಹೌದಾ? ಹಾಗಾದ್ರೆ ಹೇಳು, ಈ ಖೋಖಾದಲ್ಲಿ ತಾಮ್ರ ಎಷ್ಟು, ಸತು ಎಷ್ಟು?"

"ತಾಮ್ರ ಎಪ್ಪತ್ತು, ಸತು ಮೂವತ್ತು ಇರಬಹುದು."

"ಇರಬಹುದು ಅಂತೆ! ಸರಿ, ಕೂತ್ಕೋ."

ನಮ್ಮ ಪರಿಚಯ ಅಷ್ಟರಲ್ಲಿ ಮುಗಿಯಿತು. ನನಗೆ ಅನುಕೂಲವೇ ಆಯಿತು. ನಾನು ಮಾತು ಕಡಿಮೆಯವಳು. ಅವರು ಉತ್ತರ ಬೇಡದ ಮಾತುಗಳನ್ನು ಆಡುವವರು.

ಕ್ಲಬ್ಬಿನ ಪರವಾನಗಿಯನ್ನು ಹೊಸದಾಗಿ ಮಾಡಿಸಲು ಪ್ರತಿ ಕೆಲಸದ ವಿಧಾನವೂ ಬರಹದಲ್ಲಿರಬೇಕಿತ್ತು. ಜಿಡ್ಡು ಸವರುವ ವಿಧಾನವನ್ನು ಬರೆದುಕೊಳ್ಳಲು ನಾನು ಮೂರು ದಿನ ಉಸ್ತಾದರ ಎದುರಿನ ಸ್ಟೂಲಿನಲ್ಲಿ ಕುಳಿತೆ. ಅವರ ಬಳಿ ಶೂ ಪಾಲಿಶ್ ಡಬ್ಬಿಯಷ್ಟು ದೊಡ್ಡ ಮೇಣದ ಡಬ್ಬಿ ಇತ್ತು. ಹೊರದೇಶದಿಂದ ತರಿಸಬೇಕಾದ ಮೇಣ. ಒಂದು ಡಬ್ಬಿಯನ್ನು ಇಡೀ ವರ್ಷಕ್ಕೆ ಸಾಲುವಂತೆ ಬಳಸುತ್ತೇನೆ ಎಂಬುದು ಅವರ ಹೆಮ್ಮೆ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೇಣವನ್ನು ಒಮ್ಮೆ ಮುಟ್ಟಿ, ಕೇಸನ್ನು ಬೆರಳುಗಳ ನಡುವೆ ಬುಡದಿಂದ ಕತ್ತಿನವರೆಗೆ ಉರುಳಿಸಿ, ಹೋಲ್ಡರಿನಲ್ಲಿ ಇಟ್ಟು, ಹಿಡಿ ಎಳೆಯುತ್ತಿದ್ದರು. ಆಮೇಲೆ ಮೇಣ ಮುಟ್ಟದೆ ಇನ್ನೊಂದು, ಮತ್ತೊಂದು. ಹತ್ತು ಕೇಸಾದ ಮೇಲೆ ಮತ್ತೆ ಡಬ್ಬಿಗೆ ಬೆರಳು.

"ಪುಸ್ತಕದಲ್ಲಿ ಎರಡಕ್ಕೊಂದು ಸಲ ಅಂತ ಉಂಟು," ಎಂದು ಅವರೇ ಹೇಳಿದರು. "ಅದು ಬೆರಳು ಇಲ್ಲದವರಿಗೆ. ನೀನು ಬರಿ, ಹತ್ತಕ್ಕೊಂದು."

ನಾನು ಮೂರು ದಿನ ಎಣಿಸಿದೆ. ನಿಜವಾಗಿಯೂ ಹತ್ತಕ್ಕೊಂದು. ಹಾಗೆಯೇ ಬರೆದೆ.

ಈಗ ಯೋಚಿಸಿದರೆ ನಾನು ಆ ಮೂರು ದಿನವೂ ಇನ್ನೊಂದನ್ನು ನೋಡಿದ್ದೆ. ಕೇಸುಗಳ ನಡುವೆ ಅವರ ಬಲಗೈ ಆಗಾಗ ಕಿವಿಯ ಹಿಂದಕ್ಕೆ ಹೋಗಿ, ಕೂದಲನ್ನು ಸವರಿಕೊಂಡು, ಕೆಳಗಿಳಿಯುತ್ತಿತ್ತು. ಕೆಲವರು ಕನ್ನಡಕ ಸರಿಮಾಡಿಕೊಳ್ಳುತ್ತಾರೆ, ಕೆಲವರು ಮೂಗು ಉಜ್ಜಿಕೊಳ್ಳುತ್ತಾರೆ. ಇದೂ ಹಾಗೆ ಎಂದುಕೊಂಡೆ. ಒಬ್ಬರ ಮೈಮೇಲಿನ ಅಭ್ಯಾಸವನ್ನು ಕಚೇರಿಯ ಕಾಗದದಲ್ಲಿ ಬರೆಯುವುದು ಸಭ್ಯತೆಯಲ್ಲ ಎಂದೂ ಅನ್ನಿಸಿತು. ಬರೆಯಲಿಲ್ಲ. ವಿಧಾನ ಒಂದೂವರೆ ಪುಟವಾಯಿತು. ಮ್ಯಾನೇಜರ್ ಓದಿ, ಸಹಿ ಹಾಕಿ, ಗೋಡೆಗೆ ಅಂಟಿಸಲು ಹೇಳಿದರು. ನನಗೆ ಆ ಒಂದೂವರೆ ಪುಟದ ಬಗ್ಗೆ ಸಮಾಧಾನವಿತ್ತು.

ಸೆಪ್ಟೆಂಬರಿನಲ್ಲಿ ಉಸ್ತಾದರ ಮಗಳಿಗೆ ಹೆರಿಗೆಯಾಯಿತು. ಅವರು ಒಂದು ತಿಂಗಳ ರಜೆಯಲ್ಲಿ ಊರಿಗೆ ಹೋದರು. ಅಕ್ಟೋಬರಿನಲ್ಲಿ ವಾಪಸಾದಾಗ ತಲೆ ನುಣ್ಣಗಿತ್ತು. ಬೆಳಿಗ್ಗೆ ವ್ಯಾನು ಹತ್ತುವಾಗ ಮೊದಲು ನೋಡಿದವನು ಡ್ರೈವರ್. ಅವನು ಮಂಗಳೂರು ಕಡೆಯ ಬ್ಯಾರಿ, ಬಾಯಿ ಸುಮ್ಮನಿರುವವನಲ್ಲ.

"ಎಂತ ಉಸ್ತಾದ್, ತಿರುಪತಿಯಲ್ಲಿ ಹೆಡ್‌ಲೈಟ್ ಹಾಕಿಸಿಕೊಂಡು ಬಂದದ್ದಾ?"

"ನೀನು ಎದುರು ನೋಡಿ ಗಾಡಿ ಬಿಡು, ನನ್ನ ತಲೆ ನೋಡಿ ಬಿಡಬೇಡ."

"ಅಲ್ಲ, ಹರಕೆ ಎಂಥದ್ದು?"

"ಮಗಳ ಹೆರಿಗೆ ಸುಸೂತ್ರ ಆಗ್ಲಿ ಅಂತ ಹೆಂಡತಿ ಹೊತ್ತದ್ದು. ಹರಕೆ ಹೊತ್ತದ್ದು ಅವಳು ಮಾರಾಯ, ತಲೆ ಹೋದದ್ದು ನನ್ನದು."

"ಅವರದ್ದು ಕೊಡಬಹುದಿತ್ತಲ್ಲ?"

"ಅದನ್ನು ನೀನು ಫೋನ್ ಮಾಡಿ ಕೇಳು. ನನಗೆ ಧೈರ್ಯ ಇಲ್ಲ."

ನಾನೂ ನಕ್ಕೆ. ಮಗು ಹೇಗಿದೆ ಎಂದು ಕೇಳಿದೆ. ಅವರು ಫೋಟೋ ತೋರಿಸಿದರು. ಎಲ್ಲ ಹಸುಗೂಸುಗಳ ಹಾಗೆಯೇ ಇತ್ತು, ಚೆನ್ನಾಗಿದೆ ಎಂದೆ.

ನಾಲ್ಕನೆಯ ದಿನ ಒಂದು ಕೇಸು ಡೈಯೊಳಗೆ ಸಿಕ್ಕಿಕೊಂಡಿತು. ಹಿಡಿ ಎತ್ತಿದಾಗ ಕೇಸಿನ ಬುಡದ ಅಂಚು ಹರಿದು ಹೋಲ್ಡರಿನಲ್ಲಿ ಉಳಿಯಿತು, ಮಿಕ್ಕಿದ್ದು ಒಳಗೆ. ಉಸ್ತಾದರು ಡೈ ಬಿಚ್ಚಿದರು. ಸಿಕ್ಕಿದ ಕೇಸಿನ ಬುಡಕ್ಕೆ ಡ್ರಿಲ್ ಹಾಕಿ ತೂತು ದೊಡ್ಡದು ಮಾಡಿ, ಅದರಲ್ಲಿ ತಿರುಪಿನ ಮರೆ ಕೊರೆದು, ಬೋಲ್ಟ್ ತಿರುಗಿಸಿ ಎಳೆದರು. ಒಂದೂವರೆ ಗಂಟೆಯ ಕೆಲಸ. ಕೇಸು ಬಂತು. ಆದರೆ ಡೈಯ ಒಳಮೈಯಲ್ಲಿ ಗೀರು ಬಿದ್ದಿತ್ತು. ಅದರಲ್ಲಿ ಒತ್ತಿದ ಪ್ರತಿ ಕೇಸಿನ ಮೇಲೂ ಆ ಗೀರು ಮೂಡತೊಡಗಿತು. ಡೈ ಕೆಲಸಕ್ಕೆ ಬಾರದಾಯಿತು.

"ಹನ್ನೊಂದು ವರ್ಷದಲ್ಲಿ ಇದು ಮೊದಲನೇದು," ಎಂದರು. ದಾಖಲೆಯಲ್ಲಿ ಹಿಂದಕ್ಕೆ ಹೋಗಿ ನೋಡಿದೆ. ದಾಖಲೆ ಇದ್ದಷ್ಟು ವರ್ಷಗಳ ಮಟ್ಟಿಗೆ ಅದು ನಿಜವಾಗಿತ್ತು.

ಕಪಾಟಿನಲ್ಲಿ ಇನ್ನೆರಡು ಡೈಗಳಿದ್ದವು. ಒಂದು ವಾರ ಕಳೆಯುವುದರೊಳಗೆ ಅವುಗಳಲ್ಲಿ ಒಂದರಲ್ಲಿ ಮತ್ತೊಂದು ಕೇಸು ಸಿಕ್ಕಿಕೊಂಡಿತು. ಈ ಸಲ ಬೋಲ್ಟಿಗೂ ಬರಲಿಲ್ಲ, ಮರೆಯೇ ಕಿತ್ತುಬಂತು.

ಮ್ಯಾನೇಜರ್ ಹಿತ್ತಾಳೆ ಕೋಣೆಗೆ ಬಂದರು. ಅವರು ಒಮಾನಿ, ತಾವೂ ಸೇನೆಯಲ್ಲಿದ್ದವರು. ನಮ್ಮೊಡನೆ ಗಲ್ಫಿನ ಹಿಂದಿಯಲ್ಲಿ ಮಾತನಾಡುತ್ತಿದ್ದರು. ನಾವು ಅವರನ್ನು ಮುದೀರ್ ಎನ್ನುತ್ತಿದ್ದೆವು. ಸಿಕ್ಕಿಕೊಂಡ ಡೈಯನ್ನು ಬೆಳಕಿಗೆ ಹಿಡಿದು ನೋಡಿದರು.

"ಹೊಸ ಡೈ ತರಿಸಬೇಕಾದರೆ ಪೊಲೀಸರ ಅನುಮತಿ, ಕಸ್ಟಮ್ಸ್, ಎಲ್ಲ ಸೇರಿ ಮೂರು ತಿಂಗಳು," ಎಂದರು. "ಡಿಸೆಂಬರಿನಲ್ಲಿ ಪಂದ್ಯ ಇದೆ. ಇರುವುದು ಒಂದೇ ಡೈ. ಉಸ್ತಾದ್, ಏನಾಯಿತು?"

"ಗೊತ್ತಿಲ್ಲ ಮುದೀರ್."

"ಕಣ್ಣಾ? ಕೈಯಾ?"

ಮುದೀರ್ ನನ್ನ ಕಡೆ ತಿರುಗಿದರು. "ಭಾನುವಾರ ನನಗೆ ಕಾರಣ ಬರಹದಲ್ಲಿ ಬೇಕು. ಕಾರಣ ಇದ್ದರೆ ಮುಂದಿನದು ಯೋಚಿಸುತ್ತೇನೆ. ಇಲ್ಲದಿದ್ದರೆ ಈ ಕೋಣೆ ಖಲಾಸ್. ತಯಾರಾದ ಗುಂಡನ್ನೇ ಹೊರಗಿನಿಂದ ತರಿಸುತ್ತೇನೆ."

ಅಂದು ಮಂಗಳವಾರ. ಉಸ್ತಾದರ ವೀಸಾ ನವೆಂಬರಿನಲ್ಲಿ ಮುಗಿಯುತ್ತಿತ್ತು. ಹಿತ್ತಾಳೆ ಕೋಣೆ ಮುಚ್ಚಿದರೆ ಕ್ಲಬ್ಬಿನಲ್ಲಿ ಅವರಿಗೆ ಬೇರೆ ಹುದ್ದೆ ಇರಲಿಲ್ಲ. ವೀಸಾ ಮುಂದುವರಿಸಲು ಕಾರಣವೂ ಇರುತ್ತಿರಲಿಲ್ಲ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನನ್ನು ಆಫೀಸಿನ ಬೇರೆ ಮೇಜಿಗೆ ಕಳಿಸುತ್ತಿದ್ದರು, ಅಷ್ಟೇ.

ಆ ಸಂಜೆ ವ್ಯಾನಿನಲ್ಲಿ ಡ್ರೈವರ್ ಸಮಾಧಾನದ ಧಾಟಿಯಲ್ಲಿ ಹೇಳಿದ: "ಹೋದ್ರೆ ಹೋಯ್ತು ಉಸ್ತಾದ್. ಊರಿಗೆ ಹೋಗಿ ಮೊಮ್ಮಗಳನ್ನು ಆಡಿಸಿಕೊಂಡು ಇರಿ."

"ಅಲ್ಲಿ ಮಗು ಆಡಿಸ್ಲಿಕ್ಕೆ ಆರು ಜನ ಇದ್ದಾರೆ," ಎಂದರು ಉಸ್ತಾದರು. "ನನ್ನ ಕೈಗೆ ಮಗು ಬರುವುದು ಅದು ಅಳುವಾಗ ಮಾತ್ರ. ಇಲ್ಲಿ ಇದನ್ನು ಮಾಡ್ಲಿಕ್ಕೆ ನಾನೊಬ್ಬನೇ ಇರುವುದು."



ಬುಧವಾರ ನಾನು ಕಾರಣ ಹುಡುಕಲು ಕುಳಿತೆ. ನನಗೆ ಗೊತ್ತಿದ್ದ ರೀತಿ ಒಂದೇ: ಏನೇನು ಬದಲಾಗಿರಬಹುದು ಎಂದು ಪಟ್ಟಿ ಮಾಡಿ ಒಂದೊಂದನ್ನೇ ಹೊಡೆದುಹಾಕುವುದು. ತೊಳೆಯುವ ಪುಡಿ ಅದೇ. ಒಣಗಿಸುವ ಹೊತ್ತು ಅಷ್ಟೇ. ಮೇಣ ಅದೇ ಡಬ್ಬಿಯದು. ಕೆಟ್ಟಿರಬಹುದೇ ಎಂದು ಹೊಸ ಡಬ್ಬಿ ಒಡೆಸಿ ನೋಡಿದೆ, ವ್ಯತ್ಯಾಸವಿಲ್ಲ. ಕೇಸುಗಳು ಬೇರೆ ಕಂಪನಿಯವಲ್ಲ. ಕೋಣೆಯ ಏಸಿ ವರ್ಷವಿಡೀ ಒಂದೇ ಅಂಕಿಯಲ್ಲಿ ಇರುತ್ತಿತ್ತು. ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಎರಡು: ಮುದೀರ್ ಕೇಳಿದ ಕಣ್ಣು ಮತ್ತು ಕೈ. ಉಸ್ತಾದರು ಸೂಜಿಗೆ ದಾರ ಪೋಣಿಸುವಷ್ಟು ನೆಟ್ಟಗೆ ಕೆಲಸ ಮಾಡುವುದನ್ನು ದಿನವೂ ನೋಡುತ್ತಿದ್ದೆ. ಅವೆರಡನ್ನೂ ನಾನು ಹೊಡೆದುಹಾಕಿದೆ. ಪಟ್ಟಿ ಖಾಲಿಯಾಯಿತು.

ಗುರುವಾರ ಬೆಳಿಗ್ಗೆ ವ್ಯಾನು ಹತ್ತಿದಾಗ ಡ್ರೈವರ್ ಉಸ್ತಾದರ ಸೀಟಿನ ತಲೆಯೊರಗಿನಿಂದ ಒಂದು ಹಳೆಯ ದಿನಪತ್ರಿಕೆಯನ್ನು ಬಿಚ್ಚಿ ತೆಗೆಯುತ್ತಿದ್ದ. ವರ್ಷಗಳಿಂದ ಅದು ಅಲ್ಲಿ ಇರುತ್ತಿತ್ತು. ಎಣ್ಣೆಯಾಗಿ ಪಾರದರ್ಶಕವಾದಾಗ ಅವನು ಬೇರೆ ಕಟ್ಟುತ್ತಿದ್ದ.

"ಇನ್ನು ಪೇಪರ್ ಬೇಡ," ಎಂದ. "ನೋಡಿ, ಹದಿನೈದು ದಿನದಿಂದ ಒಂದು ಕಲೆ ಇಲ್ಲ. ತಿರುಪತಿ ತಿಮ್ಮಪ್ಪ ನನ್ನ ಸೀಟು ಉಳಿಸಿದ."

"ಬೋಳು ತಲೆಗೆ ಎಣ್ಣೆ ಹಾಕಿ ಈ ಬಿಸಿಲಿಗೆ ನಿಂತ್ರೆ ಬಾಣಲೆ ಆಗ್ತದೆ," ಎಂದರು ಉಸ್ತಾದರು, ಕುಳಿತುಕೊಳ್ಳುತ್ತ.

ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಕ್ಲಬ್ಬು ತಲುಪುವ ಹೊತ್ತಿಗೆ ನನಗೆ ಬಹುಮಟ್ಟಿಗೆ ಖಚಿತವಾಗಿತ್ತು. ಆದರೂ ಖಚಿತ ಎಂದು ಬರೆಯಲು ಅಷ್ಟು ಸಾಲದು.

ಉಸ್ತಾದರು ಮಧ್ಯಾಹ್ನ ಊಟಕ್ಕೆ ಹೋದಾಗ ನಾನು ಕೋಣೆಯಲ್ಲಿ ಉಳಿದೆ. ಉಳಿದಿದ್ದ ಒಂದೇ ಡೈ ಪ್ರೆಸ್ಸಿನಲ್ಲಿತ್ತು. ಅದನ್ನು ಮುಟ್ಟಲು ನನಗೆ ಅನುಮತಿ ಇರಲಿಲ್ಲ, ಮುಟ್ಟಬಾರದು ಎಂದು ಯಾರೂ ಹೇಳಿಯೂ ಇರಲಿಲ್ಲ. ಕೈಯನ್ನು ಸೋಪಿನಲ್ಲಿ ಎರಡು ಸಲ ತೊಳೆದು ಒರೆಸಿಕೊಂಡೆ. ಗೋಡೆಯ ಮೇಲಿನ ನನ್ನದೇ ವಿಧಾನವನ್ನು ಓದುತ್ತ, ಮೇಣವನ್ನು ಒಮ್ಮೆ ಮುಟ್ಟಿ, ಮೊದಲ ಕೇಸನ್ನು ಉರುಳಿಸಿ ಒತ್ತಿದೆ. ಸಲೀಸಾಗಿ ಹೋಯಿತು, ಬಂತು. ಎರಡು, ಮೂರು. ನಾಲ್ಕನೆಯದಕ್ಕೆ ಹಿಡಿ ತುಸು ಭಾರ. ಐದನೆಯದಕ್ಕೆ ಡೈ ಒಳಗಿನಿಂದ ಕಿರ್ ಎಂದಿತು. ಆರನೆಯದು ಅರ್ಧ ಹೋಗುವಾಗಲೇ ಹಿಡಿ ನಿಂತಂತಾಯಿತು. ನಾನು ಮುಂದೆ ಒತ್ತಲಿಲ್ಲ. ನಿಧಾನವಾಗಿ ಹಿಂದಕ್ಕೆ ಎತ್ತಿದೆ. ಕೇಸು ಹೊರಗೆ ಬಂತು.

ಉಳಿದದ್ದು ಇನ್ನರ್ಧ ಪರೀಕ್ಷೆ. ಅದಕ್ಕೆ ತೆಂಗಿನೆಣ್ಣೆ ಬೇಕಿತ್ತು. ಕ್ಯಾಂಟೀನಿನಲ್ಲಿ ಕೇಳಬಹುದಿತ್ತು, ಯಾಕೆ ಎಂದು ಅವರು ಕೇಳುತ್ತಿದ್ದರು. ಹಿಂದಿನ ದಿನ ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚಿದ್ದರು. ಬಾಗಿಲ ಕಡೆ ಒಮ್ಮೆ ನೋಡಿ, ಜಡೆಯ ಬುಡದಲ್ಲಿ ಎರಡು ಬೆರಳನ್ನು ಒತ್ತಿ ಸವರಿಕೊಂಡೆ. ಅದೇ ಆರನೆಯ ಕೇಸನ್ನು ಉರುಳಿಸಿ ಹಿಡಿ ಎಳೆದೆ. ಹೋಯಿತು, ಬಂತು. ಏಳು, ಎಂಟು ಸಹ. ಹಿಡಿ ಮತ್ತೆ ಬಿಗಿಯುವಂತೆ ಅನ್ನಿಸಿದಾಗ ಮತ್ತೆ ಜಡೆ. ಹೀಗೆ ಇಪ್ಪತ್ತು ಕೇಸು ಮಾಡಿದೆ. ನಾನು ಓದಿದ ಯಾವ ಪ್ರಯೋಗಾಲಯದಲ್ಲೂ ಇಂಥದ್ದನ್ನು ಮಾಡಿರಲಿಲ್ಲ. ಅಳತೆ ನೋಡಿದೆ, ಎಲ್ಲವೂ ಸರಿಯಿದ್ದವು.

ಉಸ್ತಾದರು ಬಂದಾಗ ಟ್ರೇಯಲ್ಲಿ ಇಪ್ಪತ್ತು ಕೇಸುಗಳನ್ನು ನೋಡಿ ಬಾಗಿಲಲ್ಲೇ ನಿಂತರು.

"ಇದು ಯಾರು ಒತ್ತಿದ್ದು?"

"ನಾನು."

"ನಿನಗೆ ತಲೆ ಸರಿ ಉಂಟಾ? ಇರುವುದು ಒಂದೇ ಡೈ ಮಾರಾಯ್ತಿ!"

"ಗೊತ್ತು. ಕಾರಣ ಸಿಕ್ಕಿತು ಉಸ್ತಾದ್."

ನಾನು ಹೇಳಿದೆ. ಹೇಗೆ ಹೇಳುವುದು ಎಂದು ಮೊದಲೇ ಯೋಚಿಸಿಕೊಂಡಿದ್ದೆ; ಆದರೆ ಆ ಮಾತನ್ನು ಸುತ್ತಿ ಬಳಸಿ ಹೇಳುವ ದಾರಿ ಇರಲಿಲ್ಲ. ಹತ್ತಕ್ಕೊಂದು ಸಲದ ಮೇಣ ಯಾವತ್ತೂ ಸಾಕಾಗಿರಲಿಲ್ಲ. ನಡುವಿನ ಕೇಸುಗಳಿಗೆ ಜಿಡ್ಡು ಸಿಗುತ್ತಿದ್ದದ್ದು ಅವರ ಕೂದಲಿನಿಂದ. ಕೂದಲು ಹೋಯಿತು, ಎಣ್ಣೆ ಹೋಯಿತು. ಮೇಣ ಮಾತ್ರ ಹತ್ತಕ್ಕೊಂದೇ ಉಳಿಯಿತು. ಮೊದಲ ಮೂರು ದಿನ ಕೇಸು ಸಿಕ್ಕಿಕೊಳ್ಳದೆ ಉಳಿದದ್ದು ಅವರ ಕೈಯ ಪಳಗಿಕೆಯಿಂದ.

"ಸುಮ್ಮನಿರು," ಎಂದರು. "ನಾನು ಪಠಾಣ್‌ಕೋಟ್‌ನಲ್ಲಿ ಚಳಿಗೆ ಕೈ ಮರಗಟ್ಟುವಾಗಲೂ ಕೆಲಸ ಮಾಡಿದವ. ತಲೆಯ ಎಣ್ಣೆಯಲ್ಲಿ ಖೋಖಾ ಒತ್ತುತ್ತಿದ್ದೆ ಅಂತ ಹೇಳ್ತೀಯಾ? ಆ ಲೆಕ್ಕ ನನ್ನ ಬೆರಳಲ್ಲಿ ಉಂಟು. ಕೂದಲಲ್ಲಿ ಅಲ್ಲ."

"ಉಸ್ತಾದ್, ನಿಮ್ಮ ಕೈ ಈಗ ಎಲ್ಲಿದೆ ನೋಡಿ."

ಅವರ ಬಲಗೈ ಕಿವಿಯ ಹಿಂದೆ, ನುಣ್ಣನೆಯ ಚರ್ಮದ ಮೇಲೆ ಇತ್ತು. ಅದನ್ನು ಮುಂದಕ್ಕೆ ತಂದು ನೋಡಿದರು. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದರು. ಆಮೇಲೆ ಕುರ್ಚಿಯಲ್ಲಿ ಕುಳಿತರು. ನಾನು ದಾಖಲೆ ಪುಸ್ತಕ ತೆರೆದಿಟ್ಟುಕೊಂಡೆ. ಬರೆಯುವುದು ಏನೂ ಇರಲಿಲ್ಲ.

"ಬರೆದಾಯ್ತಾ?" ಎಂದು ಕೇಳಿದರು.

"ಇನ್ನೂ ಇಲ್ಲ."

"ಬರೀಬೇಡ ಅಂದ್ರೆ?"

ಅದನ್ನೂ ನಾನು ಯೋಚಿಸಿದ್ದೆ. ಹವೆ ಬದಲಾಯಿತು, ಮೇಣ ಗಟ್ಟಿಯಾಯಿತು ಎಂದು ಬರೆದು, ಎರಡಕ್ಕೊಂದು ಸಲ ಎಂದು ವಿಧಾನ ತಿದ್ದಿದರೆ ಮುದೀರ್ ಒಪ್ಪಬಹುದಿತ್ತು. ಇದ್ದದ್ದನ್ನು ಬರೆದರೆ, ಪಂದ್ಯದ ಗುಂಡುಗಳಿಗೆ ವರ್ಷಗಟ್ಟಲೆ ತಲೆಯ ಎಣ್ಣೆ ತಗುಲಿತ್ತು ಎಂಬುದೇ ಇವರನ್ನು ಕಳಿಸಲು ಸಾಕಾದ ಕಾರಣವಾಗಬಹುದಿತ್ತು. "ಬೇರೆ ಥರ ಬರೆಯೋಕೆ ಆಗುತ್ತೆ," ಎಂದೆ. "ನಾನು ಇದುವರೆಗೆ ಹಾಗೆ ಬರೆದಿಲ್ಲ. ತಪ್ಪು ನಿಮ್ಮದೊಂದೇ ಅಲ್ಲ. ನಾನು ನೋಡಿದ್ದೆ. ನೋಡಿಯೂ ಬರೆದಿರಲಿಲ್ಲ."

ಅವರು ಮೇಣದ ಡಬ್ಬಿಗೆ ಮುಚ್ಚಳ ಹಾಕಿ ಎದ್ದರು. ಆ ಸಂಜೆ ವ್ಯಾನಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತರು.

ಶುಕ್ರವಾರ, ಶನಿವಾರ ರಜೆ. ಶನಿವಾರ ಮಧ್ಯಾಹ್ನ ನನ್ನ ಫೋನಿಗೆ ಅವರ ಕರೆ ಬಂತು. ಹಿಂದೆ ಎಂದೂ ಮಾಡಿದವರಲ್ಲ. ಅಮ್ಮ ಯಾರು ಎಂದು ಕಣ್ಣಲ್ಲೇ ಕೇಳಿದರು. ನಾನು ಬಾಲ್ಕನಿಗೆ ಹೋದೆ.

"ಬರಿ," ಎಂದರು. "ಹವೆ ಗಿವೆ ಅಂತ ಬರೀಬೇಡ. ನಾಳೆ ನಾನು ಇಲ್ಲದಾಗ ಯಾರೋ ಒಬ್ಬ ಬಂದು ಗೋಡೆ ನೋಡಿ ಹತ್ತಕ್ಕೊಂದು ಅಂತ ಒತ್ತಿ ಕೂರ್ತಾನೆ. ಯಾಕೆ ಬದಲಾಯಿಸಿದ್ದು ಅಂತ ಗೊತ್ತಿಲ್ಲದಿದ್ರೆ ಮತ್ತೆ ಹಿಂದಕ್ಕೇ ಹೋಗ್ತಾರೆ. ಬರೆದು ಮೊದಲು ನನಗೆ ಓದಿ ಹೇಳು. ಕನ್ನಡದಲ್ಲಿ."

ಭಾನುವಾರ ಬೆಳಿಗ್ಗೆ ಹಿತ್ತಾಳೆ ಕೋಣೆಯಲ್ಲಿ ಇಂಗ್ಲಿಷಿನ ಎರಡು ಪುಟಗಳನ್ನು ಒಂದೊಂದೇ ಸಾಲಾಗಿ ಕನ್ನಡದಲ್ಲಿ ಹೇಳಿದೆ. ಜಡೆಯ ವಿಷಯವನ್ನೂ ಬರೆದಿದ್ದೆ; ಪರೀಕ್ಷೆ ಹೇಗೆ ಮಾಡಿದೆ ಎಂದು ಬರೆಯದೆ ಪರೀಕ್ಷೆಯ ಫಲ ಬರೆಯುವಂತಿರಲಿಲ್ಲ. ಅಲ್ಲಿಗೆ ಬಂದಾಗ ಅವರು ಮೊದಲ ಸಲ ನನ್ನ ಮುಖ ನೋಡಿದರು.

"ನಿನ್ನ ತಲೆ ಎಣ್ಣೆ? ಇದನ್ನು ಮುದೀರ್‌ಗೆ ಕೊಡ್ತೀಯಾ?"

"ಕೊಡಲೇಬೇಕಲ್ಲ."

"ಹ್ಞೂಂ. ಮುಂದೆ ಓದು."

'ಕೆಲಸಗಾರರು ಪ್ರತಿ ಎರಡು ಕೇಸುಗಳಿಗೊಮ್ಮೆ ಕೂದಲನ್ನು ಮುಟ್ಟುತ್ತಿದ್ದರು' ಎಂಬ ಸಾಲಿಗೆ ಅವರು ಕೈ ಎತ್ತಿದರು.

"ಎರಡಕ್ಕೆ ಅಲ್ಲ, ಮೂರಕ್ಕೆ. ಮೊನ್ನೆಯಿಂದ ನಾನೇ ನೋಡಿಕೊಳ್ತಾ ಇದ್ದೇನೆ. ಮನೆಯಲ್ಲಿ ತರಕಾರಿ ಹೆಚ್ಚುವಾಗಲೂ ಮೂರಕ್ಕೊಂದು ಸಲ ಕೈ ಮೇಲೆ ಹೋಗ್ತದೆ. ಸರಿ ಮಾಡು."

ನಾನು ತಿದ್ದಿದೆ. ಆ ಕಾಗದವನ್ನು ಅವರೇ ತೆಗೆದುಕೊಂಡು ಮುದೀರರ ಕೋಣೆಗೆ ಹೊರಟರು. ನಾನು ಹಿಂದೆ ಹೋದೆ.

ಮುದೀರ್ ನಿಧಾನವಾಗಿ ಓದಿದರು. ಎರಡನೆಯ ಪುಟದ ಒಂದು ಕಡೆ ಅವರ ಕಣ್ಣು ನಿಂತಿತು. ಯಾವ ಸಾಲು ಎಂದು ನನಗೆ ಗೊತ್ತಿತ್ತು. ಅವರು ನನ್ನನ್ನು ನೋಡಲಿಲ್ಲ. ಅದಕ್ಕಾಗಿ ನಾನು ಅವರಿಗೆ ಇಂದಿಗೂ ಕೃತಜ್ಞಳು.

"ಉಸ್ತಾದ್, ನಿನ್ನ ಹೆಂಡತಿಯ ಹರಕೆ ನನ್ನ ಎರಡು ಡೈ ತಿಂದಿತು," ಎಂದರು ಕೊನೆಗೆ.

"ಹೌದು ಮುದೀರ್."

"ನನ್ನ ಅಜ್ಜ ಬೆಟ್ಟದ ಮೇಲೆ ಹಳೆಯ ಬಂದೂಕಿಗೆ ತುಪ್ಪ ಸವರುತ್ತಿದ್ದರು. ಯಾರೂ ಅವರನ್ನು ಕಾರಣ ಕೇಳುತ್ತಿರಲಿಲ್ಲ. ಆದರೆ ನನ್ನನ್ನು ಕೇಳುತ್ತಾರೆ." ಅವರು ಕಾಗದವನ್ನು ಮೇಜಿನ ಮೇಲೆ ನೇರ ಮಾಡಿಟ್ಟರು. "ಕೋಣೆ ನಡೆಯಲಿ. ಉಸ್ತಾದ್ ಇರಲಿ. ಮೇಣ ಎರಡಕ್ಕೊಂದು ಸಲ, ಕೈಗೆ ಗ್ಲೌಸ್. ಇವತ್ತಿನಿಂದ ಹಿತ್ತಾಳೆ ಕೋಣೆಯ ಜವಾಬ್ದಾರಿ ಈ ಹುಡುಗಿಯದು. ಉಸ್ತಾದ್ ಒತ್ತಿದ ಪ್ರತಿ ಟ್ರೇಯನ್ನೂ ಅವಳು ನೋಡಿ ಸಹಿ ಹಾಕಬೇಕು. ಸಹಿ ಇಲ್ಲದ್ದು ಮುಂದೆ ಹೋಗುವುದಿಲ್ಲ. ಯಲ್ಲಾ, ಹೋಗಿ."

ಅದು ನಾನು ಕೇಳಿದ್ದಲ್ಲ. ಬಾಗಿಲ ಬಳಿ ತಿರುಗಿ, ಉಸ್ತಾದರ ಕೆಲಸಕ್ಕೆ ನನ್ನ ಸಹಿ ಬೇಡ ಎಂದು ಹೇಳಬೇಕು ಎನಿಸಿತು. ಹೇಳಿದ್ದರೆ ಅವರು ಬೇರೆ ಯಾರನ್ನಾದರೂ ಕೂರಿಸುತ್ತಿದ್ದರು ಅಥವಾ ಕೋಣೆಯನ್ನು ಮುಚ್ಚುತ್ತಿದ್ದರು. ನಾನು ಹೇಳಲಿಲ್ಲ. ಆ ಕ್ಷಣದಲ್ಲಿ ನನ್ನನ್ನು ತಡೆದದ್ದು ಅದೊಂದೇ ಯೋಚನೆಯೋ, ಸ್ವಲ್ಪ ಆಸೆಯೂ ಇತ್ತೋ, ಎಂಬುದನ್ನು ನಾನು ಖಚಿತವಾಗಿ ಹೇಳಲಾರೆ.

ಕಾರಿಡಾರಿನಲ್ಲಿ ಉಸ್ತಾದರು ಮುಂದೆ ನಡೆದರು. ಹಿತ್ತಾಳೆ ಕೋಣೆಗೆ ಬಂದು ಗೋಡೆಯ ಮೇಲಿನ ಒಂದೂವರೆ ಪುಟವನ್ನು ಕಿತ್ತು, ಹರಿಯದೆ, ಮಡಚಿ ನನ್ನ ಮೇಜಿನ ಮೇಲಿಟ್ಟರು. ನೀಲಿ ಗ್ಲೌಸಿನ ಪೆಟ್ಟಿಗೆಯಿಂದ ಎರಡನ್ನು ಎಳೆದುಕೊಂಡರು. ಬೆರಳುಗಳು ದಪ್ಪ, ಹಾಕಿಕೊಳ್ಳುವಾಗ ಒಂದು ಹರಿಯಿತು. ಇನ್ನೊಂದು ತೆಗೆದುಕೊಂಡರು.

ಅಂದು ಮೊದಲ ಟ್ರೇ ಮುಗಿಯಲು ಎಂದಿಗಿಂತ ಎರಡು ಪಟ್ಟು ಹೊತ್ತು ಹಿಡಿಯಿತು. ಅವರು ಅದನ್ನು ತಂದು ನನ್ನೆದುರಿಗಿಟ್ಟು, ಕೈಗಳನ್ನು ಹಿಂದಕ್ಕೆ ಕಟ್ಟಿ ನಿಂತರು. ಸೇನೆಯಲ್ಲಿ ತಪಾಸಣೆಗೆ ನಿಲ್ಲುವುದು ಹಾಗೆಯೇ ಇರಬೇಕು. ಕೂತ್ಕೊಳ್ಳಿ ಎಂದೆ. ಕೂರಲಿಲ್ಲ. ನಾನು ಐವತ್ತನ್ನೂ ಅಳತೆಯ ಗೇಜಿಗೆ ಇಳಿಸಿ ನೋಡಿದೆ. ಬೇಗ ಮುಗಿಸಬಹುದಿತ್ತು, ಬೇಗ ಮುಗಿಸಿದರೆ ನೋಡದೆ ಸಹಿ ಹಾಕಿದಂತಾಗುತ್ತದೆ, ನಿಧಾನ ಮಾಡಿದರೆ ಅವರನ್ನು ನಿಲ್ಲಿಸಿಟ್ಟಂತಾಗುತ್ತದೆ. ಒಂದೊಂದನ್ನೂ ಅದಕ್ಕೆ ಬೇಕಾದಷ್ಟೇ ಹೊತ್ತು ನೋಡಿದೆ. ಎಲ್ಲವೂ ಸರಿಯಿದ್ದವು. ಸಹಿ ಹಾಕಿದೆ.

ಅವರು ಟ್ರೇಯನ್ನು ಎತ್ತಿಕೊಂಡು ಮುಂದಿನ ಕೋಣೆಯ ಕಿಟಕಿಯಲ್ಲಿ ಕೊಟ್ಟು ಬಂದು, ಎರಡನೆಯ ಟ್ರೇಗೆ ಕುಳಿತರು. ಎರಡು ಕೇಸು ಒತ್ತಿ ನಿಲ್ಲಿಸಿದರು.

"ನಿನ್ನ ನೆರಳು ಬೀಳ್ತದೆ ಇಲ್ಲಿಗೆ," ಎಂದರು, ತಲೆ ಎತ್ತದೆ. "ಕುರ್ಚಿ ಆ ಕಡೆ ಹಾಕ್ಕೋ. ನನಗೆ ಬೆಳಕು ಬೇಕು."

ನಾನು ಕುರ್ಚಿಯನ್ನು ಆ ಕಡೆಗೆ ಎಳೆದುಕೊಂಡೆ.